ಇಬ್ಬರು ಮೋಸಗಾರರಲ್ಲಿ ನೀವು ಯಾರ ಕಡೆ?

ಒಂದು ಸಿನಿಮಾ ಬಗ್ಗೆ ನಾಲ್ಕು ಜನ ನಾಲ್ಕು ಥರ ಮಾತಾಡುವುದು ಹೊಸದೇನಲ್ಲ. ಆದರೆ ಫ್ರಾನ್ಸಿನ ಕಡಲ ತೀರದ ಊರೊಂದರಲ್ಲಿ ಪೈಪೋಟಿಗೆ ಬೀಳುವ ಇಬ್ಬರು ಮೋಸಗಾರರ ಕಥೆ, 1988ರ ‘ಡರ್ಟಿ ರಾಟನ್ ಸ್ಕೌಂಡ್ರೆಲ್ಸ್’ ಮಾತು ಬಂದಾಗೆಲ್ಲ ನನಗೆ ಒಂದು ವಿಚಿತ್ರ ಕಾಣುತ್ತದೆ. ಜನ ಬರೀ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳಿ ಸುಮ್ಮನಾಗುವುದಿಲ್ಲ. ಬೇರೆ ಬೇರೆ ಸಿನಿಮಾ ನೋಡಿ ಬಂದವರ ಹಾಗೆ ವಾದ ಮಾಡುತ್ತಾರೆ. ಒಬ್ಬರಿಗೆ ಅದು ಮೈಕೆಲ್ ಕೇನ್ ಸಿನಿಮಾ. ಬಿಳಿ ಸೂಟು, ತೆಳು ಮೀಸೆ, ಸಮುದ್ರದ ಮೇಲಿನ ಬಂಗಲೆ, ಒಂದು ಹುಬ್ಬು ಏರಿಸಿದರೆ ಸಾಕು ಅನ್ನುವ ಗತ್ತು. ಇನ್ನೊಬ್ಬರಿಗೆ ಸ್ಟೀವ್ ಮಾರ್ಟಿನ್ ಇಲ್ಲದಿದ್ದರೆ ಆ ಸಿನಿಮಾ ಬರೀ ಪ್ರವಾಸದ ಪೋಸ್ಟರು. ಅರ್ಧಕ್ಕೆ ಎದ್ದು ಹೋಗುವವರಿದ್ದಾರೆ. ಕೊನೆಯ ಹತ್ತು ನಿಮಿಷಕ್ಕಾಗಿ ಮಿಕ್ಕಿದ್ದನ್ನೆಲ್ಲ ಕ್ಷಮಿಸುವವರಿದ್ದಾರೆ. ಆ ಕೊನೆಯೇ ಮಜಾ ಹಾಳು ಮಾಡಿತು ಎಂದು ಇವತ್ತಿಗೂ ಸಿಟ್ಟಾಗುವ ಗೆಳೆಯನೊಬ್ಬ ನನಗಿದ್ದಾನೆ. ಅವನ ಪ್ರಕಾರ ಇಬ್ಬರ ಕುಸ್ತಿ ಇಬ್ಬರಲ್ಲೇ ಮುಗಿಯಬೇಕಿತ್ತು.

ನಕ್ಕು ಮರೆಯಬೇಕಾದ ಸಿನಿಮಾ ಇಷ್ಟು ಜಗಳ ಹುಟ್ಟಿಸುವುದು ಏಕೆ ಎಂದು ನಾನು ತುಂಬಾ ಸಲ ಯೋಚಿಸಿದ್ದೇನೆ. ನನಗೆ ಹೊಳೆದದ್ದನ್ನು ಬರೆಯುತ್ತಿದ್ದೇನೆ. ಕೊನೆಯನ್ನು ಹೇಳದೆ ಇದನ್ನು ಬರೆಯಲು ಸಾಧ್ಯವಿಲ್ಲ. ಇನ್ನೂ ನೋಡದೇ ಇರುವವರು ಮೊದಲು ನೋಡಿಬನ್ನಿ, ಆಮೇಲೆ ಓದಿ. ಗೊತ್ತಿಲ್ಲದೆ ನೋಡುವ ಆ ಮೊದಲ ಸಲ ಒಂದೇ ಸಲ ಸಿಗುವುದು.

ಅಕ್ಕನ ಮನೆಯಲ್ಲಿ

ಮೈಸೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಶನಿವಾರ ರಾತ್ರಿ ಊಟ ಮುಗಿಸಿ ಎಲ್ಲರೂ ಕೂತು ಈ ಸಿನಿಮಾ ಹಾಕಿದೆವು. ಭಾವ ಬ್ಯಾಂಕಿನಿಂದ ರಿಟೈರ್ ಆದವರು, ಹಳೇ ಇಂಗ್ಲಿಷ್ ಸಿನಿಮಾ ಅಂದರೆ ಪ್ರಾಣ. ಅವರ ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು. ಅಕ್ಕ ವಿಶೇಷ ಮಕ್ಕಳ ಶಾಲೆಯಲ್ಲಿ ಬಹಳ ವರ್ಷದಿಂದ ಟೀಚರ್. ಶುರುವಿನಲ್ಲಿ ಎಲ್ಲರೂ ಒಂದೇ ಕಡೆ ನಗುತ್ತಿದ್ದರು. ಫ್ರೆಡ್ಡಿ (ಸ್ಟೀವ್ ಮಾರ್ಟಿನ್) ಎಂಬ ಅಮೆರಿಕದ ಸಣ್ಣ ಕಳ್ಳ ರೈಲಿನಲ್ಲಿ ಅಜ್ಜಿಯ ಆಪರೇಷನ್ ಕಥೆ ಹೇಳಿ ಪುಕ್ಕಟೆ ಊಟ ಗಿಟ್ಟಿಸುತ್ತಾನೆ. ಅದೇ ರೈಲಿನಲ್ಲಿ ಕೂತ ಲಾರೆನ್ಸ್ (ಮೈಕೆಲ್ ಕೇನ್), ಗದ್ದುಗೆ ಕಳೆದುಕೊಂಡ ರಾಜಕುಮಾರನ ವೇಷದಲ್ಲಿ ಶ್ರೀಮಂತ ಹೆಂಗಸರಿಂದ ಒಡವೆ ತೆಗೆದುಕೊಳ್ಳುವ ದೊಡ್ಡ ಕಳ್ಳ, ಅದನ್ನು ನೋಡಿಯೂ ನೋಡದವನಂತೆ ಇರುತ್ತಾನೆ. ಆಮೇಲೆ ಲಾರೆನ್ಸ್ ತನ್ನ ಕಥೆ ಹೇಳುತ್ತಾನಲ್ಲ, ಚಿಕ್ಕ ವಯಸ್ಸಿನಲ್ಲಿ ಶಿಲ್ಪ, ಚಿತ್ರ, ಸಂಗೀತ ಎಲ್ಲಕ್ಕೂ ಕೈ ಹಾಕಿದ್ದೆ, ಅಭಿರುಚಿ ಇತ್ತು, ಪ್ರತಿಭೆ ಇರಲಿಲ್ಲ ಅಂತ. ಅದು ಬಂದಾಗ ಭಾವ ರಿಮೋಟ್ ಕೇಳಿ ಇಸಿದುಕೊಂಡು, ಹಿಂದಕ್ಕೆ ಓಡಿಸಿ, ಮತ್ತೊಮ್ಮೆ ಕೇಳಿದರು. ಒಂದು ಕಾಲದಲ್ಲಿ ಅವರು ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಅವತ್ತು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ರುಪ್ರೆಕ್ಟ್ ಬಂದ. ನೋಡಿದವರಿಗೆ ಗೊತ್ತು. ರಾಜಕುಮಾರನನ್ನು ಮದುವೆಯಾಗಲು ಹೊರಟ ಹೆಂಗಸರನ್ನು ಓಡಿಸಬೇಕು. ಅದಕ್ಕೆ ಫ್ರೆಡ್ಡಿಗೆ ರಾಜಕುಮಾರನ ಬುದ್ಧಿ ಬೆಳೆಯದ ತಮ್ಮನ ಪಾತ್ರ. ಊಟದ ಟೇಬಲ್ಲಿನಲ್ಲಿ ಕೂರಿಸಿ, ಚುಚ್ಚಿಕೊಳ್ಳಬಾರದು ಎಂದು ಫೋರ್ಕಿನ ತುದಿಗೆ ಬಿರಡೆ ಸಿಕ್ಕಿಸಿ ಕೊಟ್ಟಿರುತ್ತಾರೆ. ಬಾತ್ರೂಮಿಗೆ ಹೋಗಲಾ ಎಂದು ವಿನಯವಾಗಿ ಕೇಳುತ್ತಾನೆ, ಹೋಗು ಎಂದ ಮೇಲೆ ಕೂತಲ್ಲಿಂದ ಏಳುವುದೇ ಇಲ್ಲ. ನನ್ನ ಅಕ್ಕನ ಮಗಳು ಸೋಫಾದಿಂದ ಕೆಳಗೆ ಜಾರಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅಕ್ಕ ಎದ್ದು ನಿಂತಳು.

“ಇದರಲ್ಲಿ ನಗೋಕೆ ಏನಿದೆಯೋ?” ಅಂದಳು ನನ್ನನ್ನು ನೋಡಿ.

“ಅವನು ನಟಿಸ್ತಿದ್ದಾನೆ ಕಣೇ, ನಿಜವಾಗಿ ಹಾಗಿಲ್ಲ” ಅಂದರು ಭಾವ.

“ನಟಿಸ್ತಿರೋದು ಯಾರ ಥರ?”

ಮಗಳು ಸಮಾಧಾನ ಮಾಡಲು ನೋಡಿದಳು. “ಅಮ್ಮಾ, ಅವನನ್ನ ನೋಡಿ ಅಲ್ಲ, ಆ ಹೆಂಗಸಿನ ಮುಖ ನೋಡು, ಅದಕ್ಕೆ ನಗು ಬರೋದು.”

“ಆ ಮುಖ ನಾನು ನೋಡಿಲ್ವಾ? ನಮ್ಮ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಹೋಗುವಾಗ ಪಕ್ಕದ ಸೀಟಿನವರು ಮಾಡೋ ಮುಖ ಅದೇ” ಅಂದು ಅಕ್ಕ ಒಳಗೆ ಹೋದಳು. ನಾವು ಮೂವರೂ ಸಿನಿಮಾ ಮುಗಿಸಿದೆವು. ನಗು ಕಡಿಮೆಯಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ನಗುತ್ತಿದ್ದೆವು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಂತು.

ಕೇನ್ ದೊಡ್ಡವರೋ, ಮಾರ್ಟಿನ್ ದೊಡ್ಡವರೋ

ಈ ಸಿನಿಮಾದ ಹಳೇ ಜಗಳ ಇದು. ಇದಕ್ಕೆ ಅಧಿಕೃತವಾಗಿಯೇ ಎರಡು ಉತ್ತರ ಸಿಕ್ಕಿವೆ. ಸಿನಿಮಾ ಬಂದಾಗ ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ನಾಮನಿರ್ದೇಶನ ಆದವರು ಮೈಕೆಲ್ ಕೇನ್. ಮಾರ್ಟಿನ್ ಹೆಸರು ಅಲ್ಲಿರಲಿಲ್ಲ. ಮುಂದೆ 2005ರಲ್ಲಿ ಇದೇ ಕಥೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಸಂಗೀತ ನಾಟಕವಾಯಿತು. ಲಾರೆನ್ಸ್ ಪಾತ್ರಕ್ಕೆ ಜಾನ್ ಲಿಥ್‌ಗೋ, ಫ್ರೆಡ್ಡಿ ಪಾತ್ರಕ್ಕೆ ನಾರ್ಬರ್ಟ್ ಲಿಯೋ ಬಟ್ಜ್. ಇಬ್ಬರೂ ಅಲ್ಲಿನ ರಂಗಭೂಮಿಯ ಟೋನಿ ಪ್ರಶಸ್ತಿಯ ಒಂದೇ ವಿಭಾಗದಲ್ಲಿ ಸ್ಪರ್ಧಿಸಿದರು. ಗೆದ್ದದ್ದು ಫ್ರೆಡ್ಡಿ. ಅಂದರೆ ತೀರ್ಪು ಕೊಡುವುದೇ ಕೆಲಸವಾಗಿರುವವರೂ ಒಂದು ಸಲ ಅತ್ತ, ಒಂದು ಸಲ ಇತ್ತ.

ನನಗೆ ಮಾರ್ಟಿನ್ ಅವರ ಅತ್ಯುತ್ತಮ ಕ್ಷಣ ರುಪ್ರೆಕ್ಟ್ ಅಲ್ಲ, ಜೈಲಿನದು. ಲಾರೆನ್ಸ್ ತನ್ನ ಗೆಳೆಯ ಇನ್‌ಸ್ಪೆಕ್ಟರ್‌ಗೆ ಹೇಳಿ ಫ್ರೆಡ್ಡಿಯನ್ನು ಒಳಗೆ ಹಾಕಿಸಿರುತ್ತಾನೆ. ಊರಲ್ಲಿ ತನಗೆ ಗೊತ್ತಿರುವ ಒಬ್ಬನೇ ಮನುಷ್ಯನ ಹೆಸರು ಫ್ರೆಡ್ಡಿಗೆ ನೆನಪಿಗೆ ಬರುವುದಿಲ್ಲ. ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಮುಖ ತಿರುಚುತ್ತಾನೆ, ಅರ್ಧ ಹೆಸರು ಹಿಡಿಯುತ್ತಾನೆ, ಅದೂ ತಪ್ಪಿ ಹೋಗುತ್ತದೆ, ಮತ್ತೆ ಮೊದಲಿಂದ. ಅಲ್ಲಿ ಮಾತಿನ ಜೋಕು ಒಂದೂ ಇಲ್ಲ. ನೆನಪು ಅನ್ನುವುದು ಮೈಯಲ್ಲಿ ಹೇಗೆ ಓಡಾಡುತ್ತದೆ ಎಂದು ಒಬ್ಬ ನಟ ತೋರಿಸುತ್ತಾರೆ. ಕೇನ್ ಅವರ ಉತ್ತಮ ಕ್ಷಣ ಇದಕ್ಕೆ ಪೂರಾ ಎದುರು. ಲೀಕ್ಟೆನ್‌ಸ್ಟೈನ್‌ನ ಡಾಕ್ಟರ್ ಶಾಫ್‌ಹೌಸನ್ ವೇಷದಲ್ಲಿ ಬಂದು, ಕಾಲು ಸ್ವಾಧೀನ ಇಲ್ಲ ಎಂದು ವೀಲ್‌ಚೇರಿನಲ್ಲಿ ಕೂತ ಫ್ರೆಡ್ಡಿಯ ಕಾಲಿಗೆ ಬಾರಿಸುತ್ತಾನೆ. ಪರೀಕ್ಷೆಯಂತೆ! ಫ್ರೆಡ್ಡಿ ನೋವನ್ನು ತೋರಿಸುವ ಹಾಗಿಲ್ಲ. ಹೊಡೆಯುವವನ ಮುಖದಲ್ಲಿ ವೈದ್ಯನ ಕರುಣೆ, ಹೊಡೆಸಿಕೊಳ್ಳುವವನ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಆ ದೃಶ್ಯದಲ್ಲಿ ಯಾರು ದೊಡ್ಡವರು ಎಂದು ಹೇಗೆ ಅಳೆಯುವುದು? ಒಬ್ಬರನ್ನು ತೆಗೆದರೆ ಇನ್ನೊಬ್ಬರದು ಬೀಳುತ್ತದೆ.

ಮೊದಲು ಈ ಪಾತ್ರಗಳಿಗೆ ಮಿಕ್ ಜಾಗರ್ ಮತ್ತು ಡೇವಿಡ್ ಬೋವಿ ಎಂಬ ಇಬ್ಬರು ರಾಕ್ ಗಾಯಕರ ಯೋಚನೆ ಇತ್ತು. ಅವರು ಮಾಡಿದ್ದರೂ ನಾವು ಯಾರು ಮೇಲು ಎಂದೇ ಜಗಳ ಆಡುತ್ತಿದ್ದೆವು ಅಂತ ನನಗೆ ಗ್ಯಾರಂಟಿ. ಏಕೆಂದರೆ ಕಥೆಯನ್ನು ಕಟ್ಟಿರುವುದೇ ಹಾಗೆ. 50,000 ಡಾಲರ್ ಪಂದ್ಯ. ಜಾನೆಟ್ ಎಂಬ ಹುಡುಗಿಯಿಂದ ಮೊದಲು ಆ ಹಣ ಕಿತ್ತವನು ಊರಲ್ಲಿ ಉಳಿಯಬೇಕು, ಸೋತವನು ಊರು ಬಿಡಬೇಕು. ಪಂದ್ಯ ಅಂದಮೇಲೆ ನೋಡುವವರು ಒಂದು ಕಡೆ ಸೇರಲೇಬೇಕು. ಕ್ರಿಕೆಟ್ ಮ್ಯಾಚಿನಲ್ಲಿ ಎರಡೂ ನಮ್ಮ ಟೀಮಲ್ಲದಿದ್ದರೂ ಮೂರನೇ ಓವರ್ ಹೊತ್ತಿಗೆ ಒಂದರ ಕಡೆ ವಾಲಿರುತ್ತೇವಲ್ಲ, ಹಾಗೆ.

ಮತ್ತು ನಮ್ಮನ್ನು ಹೀಗೆ ಒಂದು ಕಡೆ ಸೇರಿಸುವುದೇ ಈ ಸಿನಿಮಾ ನಮಗೆ ಹಾಕುವ ಟೋಪಿ.

ಜಾನೆಟ್ ಕೂತಿದ್ದಳಲ್ಲ

ಊರಿನ ಸುತ್ತ ‘ಜಾಕಲ್’ ಎಂಬ ಅಮೆರಿಕದ ಮೋಸಗಾರ ಓಡಾಡುತ್ತಿದ್ದಾನೆ ಎಂಬ ಸುದ್ದಿ ಸಿನಿಮಾದ ಶುರುವಿನಲ್ಲೇ ಬರುತ್ತದೆ. ಬಚ್ಚಿಡುವುದೇ ಇಲ್ಲ. ಲಾರೆನ್ಸ್ ಅದನ್ನು ಕೇಳಿ ಫ್ರೆಡ್ಡಿಯೇ ಆ ಜಾಕಲ್ ಇರಬೇಕು ಅಂದುಕೊಳ್ಳುತ್ತಾನೆ. ನಾವೂ ಅಂದುಕೊಳ್ಳುತ್ತೇವೆ. ಜಾಕಲ್ ಗಂಡಸು ಎಂದು ಯಾರೂ ನಮಗೆ ಸಾಬೀತು ಮಾಡಿ ತೋರಿಸಿರುವುದಿಲ್ಲ. ಆದರೂ ಒಬ್ಬ ಹೆಂಗಸು ಇರಬಹುದು ಎಂದು ಯಾರ ತಲೆಗೂ ಬರುವುದಿಲ್ಲ. ಆ ಊರಲ್ಲಿ ಹೆಂಗಸರು ಅಂದರೆ ಮೋಸ ಹೋಗುವವರು ಎಂದು ಸಿನಿಮಾ ಅಷ್ಟರಲ್ಲಿ ನಮಗೆ ಅಭ್ಯಾಸ ಮಾಡಿಸಿರುತ್ತದೆ.

ಇಬ್ಬರೂ ಹೇಗೆ ಬೀಳುತ್ತಾರೆ ನೋಡಿ. ಲಾರೆನ್ಸ್‌ಗೆ ಒಂದು ನಿಯಮ ಇದೆ. ಬಡವರಿಂದ, ಒಳ್ಳೆಯವರಿಂದ ಕದಿಯುವುದಿಲ್ಲ. ಆ ನಿಯಮ ಇದ್ದುದರಿಂದಲೇ ಅವನು ತನ್ನ ಕಣ್ಣಿಗೆ ಸಭ್ಯನಾಗಿ ಕಾಣುತ್ತಾನೆ. ಜಾನೆಟ್ ಇವರು ಅಂದುಕೊಂಡಂತೆ ಸೋಪು ಕಂಪನಿಯ ಒಡತಿ ಅಲ್ಲ, ಸ್ಪರ್ಧೆಯಲ್ಲಿ ಗೆದ್ದು ಪ್ರವಾಸಕ್ಕೆ ಬಂದ ಸಾಮಾನ್ಯ ಹುಡುಗಿ, ಫ್ರೆಡ್ಡಿಯ ಚಿಕಿತ್ಸೆಗಾಗಿ ಇದ್ದಬದ್ದದ್ದನ್ನೆಲ್ಲ ಮಾರಲು ಹೊರಟಿದ್ದಾಳೆ ಎಂದು ತಿಳಿದ ಕೂಡಲೇ ಅವನು ಪಂದ್ಯ ಬೇಡ ಅನ್ನುತ್ತಾನೆ. ಕೊನೆಗೆ ಅವಳು ಅಳುತ್ತಾ ಬಂದಾಗ ತನ್ನ ಕೈಯಿಂದಲೇ 50,000 ಡಾಲರ್ ಕೊಡುತ್ತಾನೆ. ಅವನ ದುರಾಸೆ ಅವನನ್ನು ಕೆಡವಲಿಲ್ಲ. ಅವನು ಹೆಮ್ಮೆಪಡುತ್ತಿದ್ದ ಆ ಒಂದು ಒಳ್ಳೆಯ ಗುಣವೇ ಕೆಡವಿತು. ಫ್ರೆಡ್ಡಿಯದು ಬೇರೆ. ಲೋಕದಲ್ಲಿ ಗಂಡಸರೇ ನಿಜವಾದ ಬಲಿಪಶುಗಳು, ಹೆಂಗಸರಿಂದ ಕಿತ್ತುಕೊಂಡರೆ ಲೆಕ್ಕ ಸರಿಯಾಯಿತು ಎಂಬುದು ಅವನ ಸಿದ್ಧಾಂತ. ಅವನು ಪಂದ್ಯದ ಪಣವನ್ನು ಹಣದಿಂದ ಜಾನೆಟ್‌ಗೇ ಬದಲಾಯಿಸುತ್ತಾನೆ. ಅವಳು ತನ್ನ ಹಾಸಿಗೆಗೆ ಬಂದರೆ ಗೆದ್ದಂತೆ. ಅವಳು ಅವನ ಹಣವನ್ನೂ ಬಟ್ಟೆಯನ್ನೂ ಎತ್ತಿಕೊಂಡು ಹೋಗುತ್ತಾಳೆ. ಅವಳು ಬಿಟ್ಟುಹೋದ ಚೀಲವನ್ನು ಲಾರೆನ್ಸ್ ತೆರೆದರೆ ಒಳಗೆ ಇರುವುದು ಫ್ರೆಡ್ಡಿಯ ಬಟ್ಟೆ, ಜೊತೆಗೆ ಜಾಕಲ್‌ನ ಚೀಟಿ. ಜಾನೆಟ್ಟೇ ಆ ಜಾಕಲ್.

ಇದು ಸಿನಿಮಾದ ಮೂಲದಲ್ಲಿ ಇರಲಿಲ್ಲ ಅನ್ನುವುದು ನನಗೆ ಬಹಳ ದೊಡ್ಡ ವಿಷಯ. ಇದೇ ಕಥೆ 1964ರಲ್ಲಿ ‘ಬೆಡ್‌ಟೈಮ್ ಸ್ಟೋರಿ’ ಹೆಸರಲ್ಲಿ ಬಂದಿತ್ತು. ಡೇವಿಡ್ ನಿವೆನ್, ಮಾರ್ಲನ್ ಬ್ರಾಂಡೋ, ಹುಡುಗಿಯಾಗಿ ಶರ್ಲಿ ಜೋನ್ಸ್. ರುಪ್ರೆಕ್ಟ್ ಆಗಲೇ ಇದ್ದ, ವೀಲ್‌ಚೇರ್ ಇತ್ತು, ಪಂದ್ಯ ಇತ್ತು. ಆದರೆ ಅಲ್ಲಿ ಹುಡುಗಿ ನಿಜವಾಗಿಯೂ ಮುಗ್ಧೆ. ಕೊನೆಗೆ ಬ್ರಾಂಡೋ ಅವಳನ್ನು ಮದುವೆಯಾಗುತ್ತಾರೆ, ಕಥೆ ಮುಗಿಯುತ್ತದೆ. ಮೂಲವನ್ನು ಬರೆದವರು ಸ್ಟ್ಯಾನ್ಲಿ ಶಪಿರೊ ಮತ್ತು ಪಾಲ್ ಹೆನಿಂಗ್. 1988ರ ಚಿತ್ರಕಥೆಯಲ್ಲಿ ಅವರ ಜೊತೆ ಡೇಲ್ ಲಾನರ್ ಹೆಸರು ಸೇರಿತು, ಕಥೆಗೆ ಜಾಕಲ್ ಸೇರಿದಳು. ಹಳೆಯದನ್ನು ನೋಡಿದರೆ ವ್ಯತ್ಯಾಸ ಮೈಗೆ ತಾಗುತ್ತದೆ. ಸುಳ್ಳು ಹೇಳಿ ಕಾಲು ಹಿಡಿದವನಿಗೆ ಬಹುಮಾನವಾಗಿ ಒಳ್ಳೆ ಹುಡುಗಿ ಸಿಗುತ್ತಾಳೆ. ಅದನ್ನು ಪ್ರೇಮ ಎಂದು ನಾವು ಒಪ್ಪಬೇಕು. ನನ್ನಿಂದ ಆಗಲಿಲ್ಲ.

ನಿರ್ದೇಶಕ ಫ್ರಾಂಕ್ ಓಜ್ ವರ್ಷಗಟ್ಟಲೆ ಮಪೆಟ್ಸ್ ಬೊಂಬೆಗಳನ್ನು ಆಡಿಸಿದವರು. ನೋಡುವವರ ಕಣ್ಣನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯುವುದು ಅವರಿಗೆ ಕೈಬಂದ ವಿದ್ಯೆ. ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇದರ ಟ್ರೇಲರ್‌ಗಾಗಿ ಅವರು ಬೇರೆಯೇ ಒಂದು ದೃಶ್ಯ ತೆಗೆದರು. ಇಬ್ಬರು ಸಭ್ಯರು ಸಮುದ್ರದ ದಂಡೆಯಲ್ಲಿ ನಡೆದು ಬರುತ್ತಾರೆ. ದಾರಿಯಲ್ಲಿ ಒಬ್ಬ ಮುದುಕಿ ನೀರಿಗೆ ಬೀಳುತ್ತಾಳೆ, ಒಂದು ಮಗುವಿನ ಮುಖಕ್ಕೆ ಬೊಂಬಾಯಿ ಮಿಠಾಯಿ ಮೆತ್ತಿಕೊಳ್ಳುತ್ತದೆ. ಎರಡೂ ಇವರದೇ ಕೆಲಸ. ಸಿನಿಮಾದಲ್ಲಿ ಆ ದೃಶ್ಯ ಇಲ್ಲವೇ ಇಲ್ಲ! ಇಬ್ಬರೂ ಸರಿಸಮ ಕೆಟ್ಟವರು, ಇವರಿಬ್ಬರನ್ನೇ ನೋಡುತ್ತಿರಿ ಎಂದು ಟಿಕೆಟ್ ಕೊಳ್ಳುವ ಮೊದಲೇ ನಮಗೆ ಹೇಳಿಯಾಗಿತ್ತು.

ಕೊನೆ ಇಷ್ಟವಾಗದ ನನ್ನ ಗೆಳೆಯ ಇಬ್ಬರ ಕುಸ್ತಿ ಇಬ್ಬರಲ್ಲೇ ಮುಗಿಯಬೇಕಿತ್ತು ಅನ್ನುತ್ತಾನಲ್ಲ, ಅವನು ಕೇಳುವ ಸಿನಿಮಾ 1964ರಲ್ಲೇ ಬಂದು ಹೋಗಿದೆ. ಅಲ್ಲಿ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಆದರೆ ಆ ಸಿನಿಮಾದ ಬಗ್ಗೆ ಯಾರೂ ಇಷ್ಟು ಜಗಳ ಆಡುವುದನ್ನು ನಾನು ನೋಡಿಲ್ಲ.

ಹೆಂಗಸರು ಮಾಡಿದರೆ?

2019ರಲ್ಲಿ ‘ದಿ ಹಸಲ್’ ಎಂದು ಮತ್ತೆ ತೆಗೆದರು. ಆ್ಯನ್ ಹ್ಯಾಥವೇ ದೊಡ್ಡ ಕಳ್ಳಿ, ರೆಬೆಲ್ ವಿಲ್ಸನ್ ಸಣ್ಣ ಕಳ್ಳಿ. ವೀಲ್‌ಚೇರಿನ ಬದಲು ಕುರುಡಿಯ ನಾಟಕ. ವಿಮರ್ಶಕರು ಕೆಟ್ಟದಾಗಿ ಬೈದರು. ಜೋಕುಗಳು ಒರಟು ಎಂಬುದು ಸಾಮಾನ್ಯ ದೂರು, ಅದು ನಿಜವೇ. ಆದರೆ ಜೋಕುಗಳನ್ನು ತಿದ್ದಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಪಾತ್ರಗಳನ್ನು ತಿರುಗಿಸಿ ಹಾಕಿದಾಗ ಕೊನೆಯಲ್ಲಿ ಎಲ್ಲರನ್ನೂ ಯಾಮಾರಿಸುವವನು ಒಬ್ಬ ಹುಡುಗನಾದ. ಗಂಡಸರಿಂದ ಹಣ ಕೀಳುವ ಇಬ್ಬರು ಜಾಣೆಯರು, ಒಬ್ಬ ಮುಗ್ಧ ಮುಖದ ಹುಡುಗನಿಗೆ ಮರುಳಾಗಿ ಸೋಲುತ್ತಾರೆ. ಇದು ನಾವು ಸಾವಿರ ಸಲ ನೋಡಿದ ಕಥೆ. 1988ರಲ್ಲಿ ಯಾರನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೋ ಅವಳು ಗೆದ್ದಿದ್ದಳು. ಅದಕ್ಕೇ ಆ ಕೊನೆಗೆ ಹೊಡೆತ ಇತ್ತು. ಅದೇ ಕೊನೆಯನ್ನು ಇಲ್ಲಿ ಇಟ್ಟರೆ ಹೊಡೆತವೂ ಇಲ್ಲ, ಆಶ್ಚರ್ಯವೂ ಇಲ್ಲ.

ಕೊನೆ ತೀರಿಸದ ಸಾಲ

ಇಷ್ಟೆಲ್ಲ ಹೇಳಿದ ಮೇಲೂ ಅಕ್ಕನ ಪ್ರಶ್ನೆ ಹಾಗೇ ಇದೆ. ಜಾನೆಟ್ ಗೆದ್ದದ್ದು ಅದಕ್ಕೆ ಉತ್ತರ ಆಗುವುದಿಲ್ಲ. ವೀಲ್‌ಚೇರಿನ ಸುಳ್ಳನ್ನೂ ರುಪ್ರೆಕ್ಟ್ ಸುಳ್ಳನ್ನೂ ಜನ ಒಂದೇ ತಕ್ಕಡಿಗೆ ಹಾಕುತ್ತಾರೆ. ನನಗೆ ಅವು ಬೇರೆ ಬೇರೆ. ವೀಲ್‌ಚೇರಿನ ಸುಳ್ಳಿಗೆ ಫ್ರೆಡ್ಡಿ ಬೆಲೆ ತೆರುತ್ತಾನೆ. ಏಟು ತಿನ್ನುತ್ತಾನೆ. ಲಾರೆನ್ಸ್ ಅವಳ ಜೊತೆ ಕುಣಿಯುವುದನ್ನು ಕುರ್ಚಿಯಲ್ಲಿ ಕೂತೇ ನೋಡಬೇಕಾಗುತ್ತದೆ. ತಾನು ಹೇಳಿದ ಸುಳ್ಳಿನೊಳಗೆ ತಾನೇ ಸಿಕ್ಕಿಬಿದ್ದಿರುತ್ತಾನೆ, ಅಲ್ಲಿ ನಾವು ನಗುವುದು ಅವನನ್ನು ನೋಡಿ. ರುಪ್ರೆಕ್ಟ್ ವಿಷಯದಲ್ಲಿ ಯಾರೂ ಏನೂ ತೆರುವುದಿಲ್ಲ. ಹೆಂಗಸರು ಬರುತ್ತಾರೆ, ಹೆದರುತ್ತಾರೆ, ಹೋಗುತ್ತಾರೆ. ಮನೆಯಲ್ಲಿ ಇಂಥ ತಮ್ಮ ಇದ್ದರೆ ಯಾರೂ ಮದುವೆಗೆ ಒಪ್ಪುವುದಿಲ್ಲ ಎಂಬ ಮಾತನ್ನು ಸಿನಿಮಾ ಪೂರ್ತಿ ನಂಬುತ್ತದೆ. ನಾವೂ ನಂಬಿದರೆ ಮಾತ್ರ ಅಲ್ಲಿ ನಗು ಹುಟ್ಟುತ್ತದೆ. ಸಂಬಂಧ ನೋಡುವಾಗ ಇಂಥ ಮಕ್ಕಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುವ ಮನೆಗಳು ಅಕ್ಕನಿಗೆ ಗೊತ್ತು. ಅವಳಿಗೆ ಆ ದೃಶ್ಯ ಫ್ರಾನ್ಸಿನ ಕಥೆಯಾಗಿ ಕಾಣಲಿಲ್ಲ.

ಆ ಕಾಲವೇ ಹಾಗಿತ್ತು, ಈಗಿನ ಕಣ್ಣಲ್ಲಿ ನೋಡಬಾರದು ಎಂದು ಕೆಲವರು ಹೇಳುತ್ತಾರೆ. ಆ ಕಾಲದಲ್ಲೂ ಈ ಮಕ್ಕಳಿದ್ದರು, ಅವರ ಅಕ್ಕತಂಗಿಯರು ಟಿಕೆಟ್ ಕೊಂಡು ಅದೇ ಥಿಯೇಟರಿನಲ್ಲಿ ಕೂತಿದ್ದರು. ಹಾಗೆಂದು ಆ ದೃಶ್ಯವನ್ನು ಕತ್ತರಿಸಬೇಕು ಎಂದು ನಾನು ಹೇಳುವುದಿಲ್ಲ. ಮಾರ್ಟಿನ್ ಅವರ ಮೈ, ಕಣ್ಣು, ಸಮಯಪ್ರಜ್ಞೆ ಎಲ್ಲ ಅಲ್ಲಿ ಅಷ್ಟು ಚುರುಕಾಗಿವೆ. ಒಬ್ಬ ನಟನ ಅತ್ಯಂತ ನುರಿತ ಕೆಲಸವೂ ಒಂದು ಸಿನಿಮಾದ ಅತ್ಯಂತ ನಿರ್ದಯ ಕ್ಷಣವೂ ಒಂದೇ ಜಾಗದಲ್ಲಿ ಇರಬಹುದು. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ನನಗೆ ಕಷ್ಟ ಅನ್ನಿಸುವುದಿಲ್ಲ. ಆ ದೃಶ್ಯಕ್ಕೆ ಎದ್ದು ಹೋದವರಿಗೆ ‘ತಮಾಷೆ ಅರ್ಥ ಆಗಲಿಲ್ಲ’ ಎಂದು ಹೇಳುವುದು ಮಾತ್ರ ಅನ್ಯಾಯ. ಅಕ್ಕನಿಗೆ ನಮಗಿಂತ ಜಾಸ್ತಿಯೇ ಅರ್ಥವಾಗಿತ್ತು.

ಗ್ಲೆನ್ ಹೆಡ್ಲಿ

ಇಷ್ಟು ವರ್ಷದ ವಾದಗಳಲ್ಲಿ ಅತ್ಯಂತ ಕಡಿಮೆ ಕೇಳಿಬರುವ ಹೆಸರು ಜಾನೆಟ್ ಪಾತ್ರ ಮಾಡಿದ ಗ್ಲೆನ್ ಹೆಡ್ಲಿ ಅವರದು. ಷಿಕಾಗೋದ ಸ್ಟೆಪನ್‌ವೂಲ್ಫ್ ನಾಟಕ ತಂಡದಿಂದ ಬಂದವರು, 2017ರಲ್ಲಿ ತೀರಿಕೊಂಡರು. ಅವರು ಮಾಡಬೇಕಿದ್ದ ಕೆಲಸ ಎಷ್ಟು ಕಷ್ಟದ್ದು ಎಂದು ಒಮ್ಮೆ ಯೋಚಿಸಿ. ಪರದೆಯ ಮೇಲೆ ಇಬ್ಬರು ಘಟಾನುಘಟಿಗಳು ಪೈಪೋಟಿಗೆ ಬಿದ್ದಿದ್ದಾರೆ. ಅವರ ನಡುವೆ ಕೂತು, ಯಾರ ಗಮನವೂ ತನ್ನ ಕಡೆ ತಿರುಗದಂತೆ ನಟಿಸಬೇಕು. ಸ್ವಲ್ಪ ಜಾಸ್ತಿ ಜಾಣೆಯಾಗಿ ಕಂಡರೆ ಗುಟ್ಟು ರಟ್ಟಾಗುತ್ತದೆ. ಸ್ವಲ್ಪ ಜಾಸ್ತಿ ಪೆದ್ದಿಯಾಗಿ ಕಂಡರೆ ಕೊನೆಯನ್ನು ನಾವು ನಂಬುವುದಿಲ್ಲ. ಆ ಮೆತ್ತಗಿನ ದನಿ, ಬೇಗ ತುಂಬಿ ಬರುವ ಕಣ್ಣು, ಎಲ್ಲರನ್ನೂ ನಂಬುವ ಆ ಮುಖ ಎಲ್ಲವೂ ಜಾನೆಟ್ ಹಾಕಿಕೊಂಡ ವೇಷ ಎಂದು ಗೊತ್ತಾದ ಮೇಲೂ ಹಿಂದಿನ ಒಂದು ದೃಶ್ಯವೂ ಸುಳ್ಳು ಅನ್ನಿಸುವುದಿಲ್ಲ. ಕೊನೆಯಲ್ಲಿ ಶ್ರೀಮಂತರ ಒಂದು ಹಿಂಡನ್ನೇ ಹಡಗಿನಲ್ಲಿ ಕರೆತಂದು, ದನಿ, ನಡಿಗೆ, ಮಾತಿನ ವೇಗ ಎಲ್ಲ ಬದಲಾಯಿಸಿ ಇಳಿಯುತ್ತಾರಲ್ಲ, ಆಗ ಕೇನ್ ಮತ್ತು ಮಾರ್ಟಿನ್ ಇಬ್ಬರೂ ಬಾಯಿ ಬಿಟ್ಟು ನಿಲ್ಲುತ್ತಾರೆ. ಹಿಂದಿನ ವರ್ಷ 30 ಲಕ್ಷ ಡಾಲರ್ ಗಳಿಸಿದೆ, ಆದರೆ ನಿಮ್ಮ 50,000ದಷ್ಟು ಮಜಾ ಯಾವುದೂ ಕೊಡಲಿಲ್ಲ ಎಂದು ಅವಳು ಹೇಳುವಾಗ ಅವರ ಮುಖ ನೋಡಬೇಕು. ಯಾರು ಮೇಲು ಎಂಬ ಪಂದ್ಯ ಅಲ್ಲಿಗೆ ಮುಗಿಯಿತು. ಇಬ್ಬರೂ ಅವಳ ಕೈಕೆಳಗೆ ಕೆಲಸಕ್ಕೆ ಸೇರಿದರು.

ಅಕ್ಕನ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಾಸ್ಟೆಲ್ ಗೆಳತಿಯರಿಗೆ ಈ ಸಿನಿಮಾ ತೋರಿಸಿ ನನಗೆ ಫೋನ್ ಮಾಡಿದ್ದಳು. “ಮಾಮ, ಈ ಸಲ ನಾನು ಜಾನೆಟ್‌ನ ಮಾತ್ರ ನೋಡಿದೆ. ಉಳಿದವರನ್ನ ನೋಡಲೇ ಇಲ್ಲ” ಅಂದಳು. ಅವಳ ರೂಮಿನಲ್ಲಿ ಮೂವರು ಮಾರ್ಟಿನ್ ಕಡೆ, ಒಬ್ಬಳು ಕೇನ್ ಕಡೆ ಆಗಿದ್ದರಂತೆ, ರುಪ್ರೆಕ್ಟ್ ಬಂದಾಗ ಒಬ್ಬಳು ನಗಲಿಲ್ಲವಂತೆ. ಏಕೆ ಎಂದು ಇವಳು ಅವಳನ್ನು ಕೇಳಿದ್ದಾಳೆ. ಸಿನಿಮಾ ಮುಗಿದ ಮೇಲೆ ರಾತ್ರಿ ಎರಡು ಗಂಟೆವರೆಗೂ ಅದೇ ಮಾತಾಡಿದರಂತೆ.